ಒಬ್ಬಳೇನಾ? ತುಮಕೂರು, ಗುಬ್ಬಿ, ಕುಣಿಗಲ್ ಸುತ್ತ ಸ್ಕೂಟರಿನಲ್ಲಿ ಮೂರು ದಿನ

ಎರಡು ವರ್ಷದ ಹಿಂದಿನ ಜೂನ್‌ನಲ್ಲಿ ನಾನು ಸ್ಕಾಟ್ಲೆಂಡಿನ ಉತ್ತರ ತುದಿಯನ್ನು ಬಾಡಿಗೆ ಕಾರಿನಲ್ಲಿ ಒಬ್ಬಳೇ ಸುತ್ತಿದ್ದೆ. ಆಫೀಸಿನವರು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಕಳಿಸಿದ್ದರು. ನಮ್ಮ ಲೈಸೆನ್ಸ್ ಅಲ್ಲಿ ಒಂದು ವರ್ಷ ನಡೆಯುತ್ತೆ, ನಮ್ಮ ಹಾಗೇ ಎಡಗಡೆ ಓಡಿಸ್ತಾರೆ, ಅದರಿಂದ ಧೈರ್ಯ ಬಂತು. ಇನ್ವರ್ನೆಸ್ ಊರಿಂದ ಹೊರಟು ಸಮುದ್ರದ ಅಂಚು ಹಿಡಿದು ಮತ್ತೆ ಇನ್ವರ್ನೆಸ್‌ಗೇ ಬಂದು ಸೇರುವ ದಾರಿ ಅದು. ‘ನಾರ್ತ್ ಕೋಸ್ಟ್ 500’ ಅಂತ ಹೆಸರು. ಸುಮಾರು 830 ಕಿಲೋಮೀಟರ್, ಆರು ದಿನ. ಆ ಆರು ದಿನದಲ್ಲಿ ನನ್ನನ್ನು ಮಾತಾಡಿಸಿದವರು ಪೆಟ್ರೋಲ್ ಬಂಕಿನವರು, ಊಟದ ಬಿಲ್ ತಂದುಕೊಟ್ಟವರು ಮತ್ತು ಒಬ್ಬ ಕುರಿ ಸಾಕುವ ಅಜ್ಜ. ಅಜ್ಜನೂ ಮಾತಾಡಿದ್ದು ಮಳೆಯ ಬಗ್ಗೆ.

ಈ ಮೇ ತಿಂಗಳಲ್ಲಿ ಅಮ್ಮನ ಸ್ಕೂಟರ್ ತಗೊಂಡು ನಮ್ಮದೇ ಜಿಲ್ಲೆ ಸುತ್ತೋಕೆ ಹೊರಟೆ. ಮೊದಲ ದಿನ ಬೆಳಗ್ಗೆ ಹನ್ನೊಂದರೊಳಗೆ ಒಂಬತ್ತು ಜನ ಕೇಳಿದ್ದರು, “ಒಬ್ಬಳೇನಾ?” ಒಂಬತ್ತರ ನಂತರ ಲೆಕ್ಕ ಬಿಟ್ಟೆ.

ಸ್ಕಾಟ್ಲೆಂಡ್ ನೋಡಿದವಳು ಗುಬ್ಬಿಗೆ ಯಾಕೆ ಹೊರಟೆ ಅಂತ ನೀವೂ ಕೇಳಬಹುದು. ಫೆಬ್ರವರಿಯಲ್ಲಿ ನಮ್ಮ ಕಂಪನಿ ಹದಿನೈದು ನಿಮಿಷದ ಒಂದು ವಿಡಿಯೋ ಕಾಲ್‌ನಲ್ಲಿ ನಮ್ಮ ಇಡೀ ಟೀಮನ್ನು ಮನೆಗೆ ಕಳಿಸಿತು. ಈ ಬೇಸಿಗೆಗೆ ಐಸ್‌ಲ್ಯಾಂಡ್ ಅಂತ ಕೂಡಿಟ್ಟಿದ್ದ ದುಡ್ಡು ಬೆಂಗಳೂರಿನ ಮೂರು ತಿಂಗಳ ಬಾಡಿಗೆಯಾಯಿತು. ಮನೆಯಲ್ಲಿ ಹೇಳಿರಲಿಲ್ಲ. ಅಪ್ಪ ನಿವೃತ್ತ ಮೇಷ್ಟ್ರು. ಎಸ್.ಎಸ್.ಪುರಂನಲ್ಲಿ ಬೆಳಗಿನ ವಾಕಿಂಗ್ ಗುಂಪಿನಲ್ಲಿ ಅವರ ಮಗಳ ಬಗ್ಗೆ ಒಂದು ಕಥೆ ಓಡ್ತಾ ಇದೆ, ಆ ಕಥೆಯಲ್ಲಿ ನಾನು ಯಾವಾಗಲೂ ಪ್ರಮೋಷನ್ ತಗೊಳ್ತಾ ಇರ್ತೀನಿ. ‘ಹತ್ತು ದಿನ ರಜೆ ಇದೆ, ಮಾವನ ಮನೆಗೂ ದೊಡ್ಡಮ್ಮನ ಮನೆಗೂ ಹೋಗಿ ಬರ್ತೀನಿ’ ಅಂದೆ. ನೆಂಟರ ಮನೆ ಅಂದ ತಕ್ಷಣ ಸ್ಕೂಟರ್ ಕೀ ಸಿಕ್ಕಿತು. ಐಸ್‌ಲ್ಯಾಂಡಿಗೆ ವೀಸಾ ಸಿಗೋದು ಇದಕ್ಕಿಂತ ಕಷ್ಟ.

ಬೆಳಗ್ಗೆ ಐದೂವರೆಗೆ ಹೊರಟು ಮೊದಲು ದೇವರಾಯನದುರ್ಗ. ಬೇಸಿಗೆಯಲ್ಲಿ ತುಮಕೂರು ಸುತ್ತುವವರಿಗೆ ಒಂದು ಮಾತು: ಬೆಳಗ್ಗೆ ಹತ್ತರೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ. ನಡುವೆ ಗಾಡಿ ಓಡಿಸೋದು ಸಾಹಸ ಅಲ್ಲ, ಸುಮ್ಮನೆ ತಲೆನೋವು. ನಾಮದ ಚಿಲುಮೆ ಹತ್ತಿರ ಬರುವಷ್ಟರಲ್ಲಿ ಕಾಡಿನ ತಂಪು ಮುಖಕ್ಕೆ ತಾಗಿತು. ವನವಾಸದಲ್ಲಿ ರಾಮ ಹಣೆಗೆ ನಾಮ ಇಟ್ಟುಕೊಳ್ಳೋಕೆ ನೀರು ಸಿಗದೆ ಬಂಡೆಗೆ ಬಾಣ ಬಿಟ್ಟನಂತೆ, ಅಲ್ಲಿ ಚಿಮ್ಮಿದ ಒರತೆ ಇದು ಅನ್ನೋದು ಕಥೆ. ನೋಡೋಕೆ ಒಂದು ಒರಳಿನಷ್ಟು ಗುಂಡಿ. ಮೇ ತಿಂಗಳಲ್ಲೂ ನೀರಿತ್ತು. ಅಲ್ಲಿದ್ದ ಕಾವಲಿನವರು ನನ್ನ ಹಿಂದೆ ಯಾರಾದರೂ ಬರ್ತಾರಾ ಅಂತ ರಸ್ತೆ ಕಡೆ ನೋಡಿದರು, ಆಮೇಲೆ ನನ್ನ ನೋಡಿದರು. “ಒಬ್ರೇನಾ ಮೇಡಂ?” ನಂಬರ್ ಒಂದು.

ಬೆಟ್ಟ ಸುಮಾರು 1,200 ಮೀಟರ್ ಎತ್ತರ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಚಿಕ್ಕಂದಿನಿಂದ ಎಷ್ಟೋ ಸಲ ಬಂದಿದ್ದೀನಿ, ಚಿತ್ರಾನ್ನದ ಡಬ್ಬಿ ಮತ್ತು ಕೋತಿ ಬಿಟ್ಟರೆ ಬೇರೇನೂ ನೆನಪಿಲ್ಲ. ಈ ಸಲ ಮೇಲೆ ಕೂತು ಫೋನಿನಲ್ಲಿ ಮ್ಯಾಪ್ ನೋಡ್ತಾ ಇದ್ದಾಗ ಶಾಲೆಯಲ್ಲಿ ಓದಿದ್ದು ಮತ್ತೆ ಹೊಳೆಯಿತು. ಈ ಒಂದೇ ಬೆಟ್ಟಸಾಲಿನಲ್ಲಿ ಎರಡು ನದಿ ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹರಿದು ಪೆನ್ನಾರ್ ಸೇರುತ್ತೆ. ಶಿಂಷಾ ಗುಬ್ಬಿ, ಕುಣಿಗಲ್ ಸೀಮೆಗಳ ಮೇಲೆ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತೆ. ಮಾವನ ಮನೆ ಗುಬ್ಬಿ ತಾಲ್ಲೂಕು, ದೊಡ್ಡಮ್ಮನ ಮನೆ ಕುಣಿಗಲ್. ಹಾಗಾಗಿ ಶಿಂಷಾ ಹೋದ ಕಡೆ ಹೋಗೋಣ ಅಂತ ಅಲ್ಲೇ ತೀರ್ಮಾನ ಮಾಡಿದೆ. ಬೇಸಿಗೆಯಲ್ಲಿ ಆ ನದಿಯಲ್ಲಿ ನೀರೇ ಇರಲ್ಲ ಅನ್ನೋದು ಬೇರೆ ವಿಷಯ.

ಇಳಿದು ಬಂದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯಲ್ಲ. ಎರಡು ತಿಂದೆ, ಬೆಣ್ಣೆ ಹಾಕಿಸಿಕೊಂಡು.

ಅಲ್ಲಿಂದ ಹತ್ತಿರದಲ್ಲೇ ಸಿದ್ಧಗಂಗಾ ಮಠ. ಬಿಸಿಲು ಕಳೆಯಲಿ ಅಂತ ಹೋದೆ, ಮಧ್ಯಾಹ್ನ ಅಲ್ಲೇ ಊಟಕ್ಕೆ ಕೂತೆ. ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಓದು ಕೊಟ್ಟುಕೊಂಡು ಬಂದಿರುವ ಜಾಗ ಇದು. ಶಿವಕುಮಾರ ಸ್ವಾಮೀಜಿ 2019ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ 111 ವರ್ಷ. ಅವರನ್ನು ನೋಡೋಕೆ ಬಂದಿದ್ದ ಜನ ಹೇಗೆ ತುಮಕೂರನ್ನೇ ತುಂಬಿದ್ದರು ಅಂತ ಅಪ್ಪ ಈಗಲೂ ಹೇಳ್ತಾರೆ. ಆವತ್ತು ಊಟದ ಸಾಲಿನಲ್ಲಿ ನನ್ನ ಪಕ್ಕ ಇಬ್ಬರು ಲಾರಿ ಡ್ರೈವರುಗಳು, ಆಚೆ ಕಡೆ ಮಗು ಎತ್ತಿಕೊಂಡಿದ್ದ ಒಬ್ಬ ಹೆಂಗಸು. ಬಡಿಸುವವರು ಅನ್ನ ಹಾಕಿದರು, ಸಾರು ಹಾಕಿದರು, ಮುಂದಕ್ಕೆ ಹೋದರು. ಎಲ್ಲಿಂದ ಬಂದೆ, ಯಾರ ಮಗಳು, ಏನು ಕೆಲಸ, ಒಬ್ಬಳೇನಾ? ಯಾರೂ ಕೇಳಲಿಲ್ಲ. ಆ ಮೂರು ದಿನದಲ್ಲಿ ಏನನ್ನೂ ಕೇಳದೆ ಇದ್ದ ಜಾಗ ಅದೊಂದೇ. ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ಸಂಜೆ ಬಿ.ಎಚ್. ರಸ್ತೆ ಹಿಡಿದು ಗುಬ್ಬಿ. ಇಪ್ಪತ್ತು ಕಿಲೋಮೀಟರ್ ಅಷ್ಟೆ, ಆದರೆ ತೆಂಗಿನಕಾಯಿ ತುಂಬಿದ ಲಾರಿಗಳ ಹಿಂದೆ ಸ್ಕೂಟರ್ ಓಡಿಸೋದು ಅಂದರೆ ಧೂಳು ಕುಡಿಯೋದು. ಸ್ಕಾಟ್ಲೆಂಡಿನ ಒಂಟಿ ರಸ್ತೆಗಳಲ್ಲಿ ಅಲ್ಲಲ್ಲಿ ‘ಪಾಸಿಂಗ್ ಪ್ಲೇಸ್’ ಅಂತ ಬೋರ್ಡ್ ಇರುತ್ತೆ. ಎದುರಿಗೆ ಗಾಡಿ ಬಂದರೆ ಒಬ್ಬರು ಪಕ್ಕಕ್ಕೆ ನಿಂತು ದಾರಿ ಬಿಡಬೇಕು, ದಾಟಿದವರು ಕೈ ಎತ್ತಿ ಥ್ಯಾಂಕ್ಸ್ ಹೇಳಬೇಕು. ನಾನು ಅಭ್ಯಾಸಬಲದಿಂದ ಇಲ್ಲಿ ಒಬ್ಬ ಟ್ರ್ಯಾಕ್ಟರಿನವನಿಗೆ ಕೈ ಎತ್ತಿದೆ. ಪಾಪ, ಏನೋ ಕೇಳ್ತಾ ಇದ್ದೀನಿ ಅಂತ ಅವನು ಗಾಡಿ ನಿಲ್ಲಿಸಿಬಿಟ್ಟ. “ಏನಕ್ಕ, ದಾರಿ ತಪ್ಪಿತಾ?”

ಮಾವನ ಊರು ಗುಬ್ಬಿಯಿಂದ ಒಳಗೆ, ಚೇಳೂರು ಹೋಬಳಿ. ಚೇಳೂರು ಅಂದರೆ ಹಲಸು. ಇದೇ ಹೋಬಳಿಯ ಒಂದು ತೋಟದ ಮರದಿಂದಲೇ ‘ಸಿದ್ದು’ ಹಲಸು ಬಂದದ್ದು. ತೊಳೆ ತಾಮ್ರದ ಹಾಗೆ ಕೆಂಪು, ಹಣ್ಣು ಎರಡೂವರೆ ಕಿಲೋ ಆಸುಪಾಸು, ಅಂದರೆ ನಮ್ಮ ಅಪಾರ್ಟ್‌ಮೆಂಟ್ ಫ್ರಿಜ್ಜಿಗೂ ಹಿಡಿಸುತ್ತೆ. ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಅದನ್ನು ಗುರುತಿಸಿದರು, ಕಸಿ ಗಿಡಗಳು ಊರೂರಿಗೆ ಹೋದವು. ಮಾವನ ತೋಟದಲ್ಲಿ ಇರೋದು ಆ ಸಿದ್ದು ಅಲ್ಲ, ಹಳೇ ನಾಟಿ ಮರ. ಒಂದೊಂದು ಹಣ್ಣೂ ಒಬ್ಬರು ಎತ್ತೋಕೆ ಆಗದಷ್ಟು ದಪ್ಪ. ಕೈಗೆ ಎಣ್ಣೆ ಹಚ್ಚಿಕೊಂಡು ಅತ್ತೆ ಬಿಡಿಸಿಕೊಡ್ತಾ ಹೋದರು, ನಾನು ತಿಂತಾ ಹೋದೆ.

ಕತ್ತಲಾಗುವ ಮುಂಚೆ ಮಾವ ತೋಟ ತೋರಿಸಿದರು. ಮೂರು ಬೋರ್ ಕೊರೆಸಿದ್ದಾರೆ, ಎರಡು ಸತ್ತಿವೆ. ಮೂರನೆಯದು ಅರ್ಧ ಗಂಟೆ ನೀರು ಕೊಟ್ಟು ಗಾಳಿ ಉಗುಳುತ್ತೆ. ಹಿಂದಿನ ಸಾಲಿನ ತೆಂಗಿನ ಮರಗಳ ಗರಿ ಎಲ್ಲ ಕೆಳಗೆ ಜೋತು ಬಿದ್ದಿದ್ದವು, ನೆಂದ ಕೊಡೆ ಮಡಚಿ ಇಟ್ಟ ಹಾಗೆ. “ಇಪ್ಪತ್ತು ಮರ ಹೋಯ್ತವೆ ಈ ಸಲ” ಅಂದರು ಮಾವ, ಬಸ್ಸು ಹತ್ತು ನಿಮಿಷ ಲೇಟು ಅನ್ನುವ ದನಿಯಲ್ಲಿ. ಒಂದು ತೆಂಗಿನ ಮರ ಫಲಕ್ಕೆ ಬರೋಕೆ ಎಷ್ಟು ವರ್ಷ ಅಂತ ನಾನು ಕೇಳಲಿಲ್ಲ. ಆ ಮರಗಳು ನನಗಿಂತ ದೊಡ್ಡವು ಅಂತ ಗೊತ್ತು.

ಈ ಸೀಮೆಗೆ ಈಗ ಆಸರೆ ಅಂದರೆ ಹೇಮಾವತಿ. ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟಿನಿಂದ ನಾಲೆಯಲ್ಲಿ ಬರುವ ನೀರು. ಅದು ಕೆರೆಗೆ ಬಂದರೆ ಸುತ್ತಲಿನ ಬೋರ್‌ಗಳಿಗೂ ಜೀವ. ಆ ನೀರನ್ನು ಗುಬ್ಬಿ ತಾಲ್ಲೂಕಿನಿಂದಲೇ ಪೈಪಿನಲ್ಲಿ ನೇರ ಕುಣಿಗಲ್ ಕಡೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ ಬಂದಾಗ ಇಲ್ಲಿನವರು ಸಿಟ್ಟಾದರು. 2025ರ ಮೇ ಕೊನೆಗೆ ಈ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆಯೇ ಆಯಿತು. ಮಾವನೂ ಹೋಗಿದ್ದರಂತೆ. “ನಮ್ದೇ ಬಾಯಿ ಒಣಗೈತೆ, ನಮ್ಮ ಮುಂದಿಂದ್ಲೇ ಪೈಪ್ ಹಾಕ್ಕಂಡು ತಗೊಂಡೋಯ್ತಾರಂತೆ” ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮ ದೊಡ್ಡಮ್ಮನ ಹತ್ರ ಈ ವಿಷ್ಯ ಎತ್ಬ್ಯಾಡ” ಅಂದರು.

ರಾತ್ರಿ ಮುದ್ದೆ, ಉಪ್ಸಾರು. ಊಟ ಮುಗಿದ ಮೇಲೆ ಮಾವ ಮಗನನ್ನು ಕರೆದು ನನ್ನ ಪಕ್ಕ ಕೂರಿಸಿದರು. ಐಟಿಐ ಮುಗಿಸಿದ್ದಾನೆ. ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ, 615 ಎಕರೆಯಲ್ಲಿ, 2023ರ ಫೆಬ್ರವರಿಯಲ್ಲಿ ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ದು. ಊರಿನ ಹುಡುಗರಿಗೆಲ್ಲ ಅದರ ಗೇಟಿನ ಮೇಲೆ ಕಣ್ಣು. ಇವನೂ ಅರ್ಜಿ ಹಾಕಿದ್ದಾನೆ, ಕಾಯ್ತಾ ಇದ್ದಾನೆ. “ಅದು ಆದಾಗ ಆಗ್ಲಿ. ಅಲ್ಲೀವರ್ಗೂ ನಿಮ್ಮ ಕಂಪ್ನೀಲಿ ಇವನಿಗೊಂದು ಏನಾರ ನೋಡವ್ವ” ಅಂದರು ಮಾವ.

ನನ್ನ ಕಂಪನಿ. ಹುಡುಗ ನೆಲ ನೋಡ್ತಾ ಇದ್ದ. ಅತ್ತೆ ತಟ್ಟೆ ಎತ್ತೋದು ನಿಲ್ಲಿಸಿ ನಿಂತಿದ್ದರು. ‘ರೆಸ್ಯೂಮ್ ಕಳಿಸು, ನೋಡೋಣ’ ಅಂದೆ. ಅಂಗಳದಲ್ಲಿ ಮಂಚ ಹಾಕಿಕೊಟ್ಟಿದ್ದರು, ತಂಪಾಗಿತ್ತು, ನಕ್ಷತ್ರ ಕಾಣ್ತಿತ್ತು. ಫೋಟೋ ತೆಗೆದು ಹಾಕಿದ್ದರೆ ಇನ್ನೂರು ಲೈಕ್ ಬೀಳ್ತಿತ್ತು. ನಿದ್ದೆ ಬರಲಿಲ್ಲ.

ಮಾರನೇ ದಿನ ಗುಬ್ಬಿ ಪೇಟೆ. ಪೇಟೆ ಚಿಕ್ಕದು, ಹೆಸರು ದೊಡ್ಡದು. 1884ರಲ್ಲಿ ಇಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಮುಂದೆ ಗುಬ್ಬಿ ವೀರಣ್ಣನವರು ನಾಡಿಗೆಲ್ಲ ಗೊತ್ತಾಗುವ ಹಾಗೆ ಬೆಳೆಸಿದರು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಮನುಷ್ಯ. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು ಈ ಕಂಪನಿಯ ನಟರು, ಬಿ.ವಿ. ಕಾರಂತರು ಹುಡುಗನಾಗಿ ಬಂದು ಸೇರಿಕೊಂಡದ್ದೂ ಇಲ್ಲಿಗೇ. ನನಗೆ ಆವತ್ತು ನೆನಪಾದದ್ದು ಬಿ. ಜಯಮ್ಮನವರು. ಪರದೆ, ಪೆಟ್ಟಿಗೆ ಕಟ್ಟಿಕೊಂಡು ಊರಿಂದ ಊರಿಗೆ ಕ್ಯಾಂಪ್ ಹೋಗುವ ಕಂಪನಿಯಲ್ಲಿ ನಟಿಯಾಗಿ ಬದುಕಿದ ಹೆಣ್ಣುಮಗಳು. ಅವರಿಗೆ ಊರೂರಲ್ಲಿ ಏನೇನು ಪ್ರಶ್ನೆ ಕೇಳಿರಬಹುದು ಅಂತ ಯೋಚಿಸಿದರೆ ನನ್ನ ‘ಒಬ್ಬಳೇನಾ’ ಏನೇನೂ ಅಲ್ಲ.

ಗುಬ್ಬಿಯಿಂದ ಕಡಬ. ಶಿಂಷಾ ನದಿಗೆ ಅಡ್ಡ ಕಟ್ಟಿ ಮಾಡಿದ ದೊಡ್ಡ ಕೆರೆ ಇಲ್ಲಿದೆ. ನದಿಯನ್ನು ನಾನು ಮೊದಲ ಸಲ ಸರಿಯಾಗಿ ಭೇಟಿ ಆದದ್ದು ಇಲ್ಲೇ. ಕೆರೆಯ ಒಂದು ಮೂಲೆಯಲ್ಲಿ ನೀರು, ಉಳಿದದ್ದು ಬಿರಿದ ಮಣ್ಣು, ಅದರ ಮೇಲೆ ದನ. ಬೆಳ್ಳಕ್ಕಿಗಳು ನೀರು ಇದ್ದಷ್ಟರಲ್ಲೇ ಜಾಗ ಮಾಡಿಕೊಂಡಿದ್ದವು.

ಸಿ.ಎಸ್. ಪುರ ದಾಟಿದ ಮೇಲೆ ಫೋನ್ ನನ್ನನ್ನು ಒಂದು ಒಳದಾರಿಗೆ ತಿರುಗಿಸಿತು. ದಾರಿ ಚಿಕ್ಕದಾಗ್ತಾ ಆಗ್ತಾ ತೆಂಗಿನ ತೋಟದೊಳಗಿನ ಗಾಡಿ ಜಾಡಾಯಿತು. ಅಲ್ಲಿ ಹಿಂದಿನ ಚಕ್ರ ಪಂಕ್ಚರ್. ಹನ್ನೊಂದೂವರೆ ಗಂಟೆ. ಫೋನ್ 37 ಡಿಗ್ರಿ ತೋರಿಸ್ತಿತ್ತು, ಸಿಗ್ನಲ್ ಒಂದು ಕಡ್ಡಿ. ತಳ್ಳಿಕೊಂಡು ಹೋದೆ. ಬಾಟಲಿಯಲ್ಲಿದ್ದ ನೀರು ಕಾಫಿಯಷ್ಟು ಬಿಸಿ. ಸ್ಕಾಟ್ಲೆಂಡಿನಲ್ಲಿ ಬೆಟ್ಟದ ಹೇರ್‌ಪಿನ್ ತಿರುವಿನಲ್ಲಿ ಮಂಜು ಕವಿದು ಏನೂ ಕಾಣದೆ ಅರ್ಧ ಗಂಟೆ ನಿಂತಿದ್ದೆ, ಆಗ ಭಯ ಆಗಿತ್ತು. ಆದರೆ ಅಲ್ಲಿ ಭಯ ಇದ್ದದ್ದು ಬರೀ ರಸ್ತೆಯದು. ಇಲ್ಲಿ ಹಿಂದಿನಿಂದ ಬೈಕ್ ಶಬ್ದ ಬಂದರೆ ಬೆನ್ನು ಸೆಟೆದುಕೊಳ್ಳುತ್ತೆ. ನಮ್ಮದೇ ಊರು, ನಮ್ಮದೇ ಭಾಷೆ, ಆದರೂ. ಒಂಟಿಯಾಗಿ ಓಡಾಡುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಿಲೋಮೀಟರ್ ತಳ್ಳಿದ ಮೇಲೆ ಬೇವಿನ ಮರದ ಕೆಳಗೆ ಮೂವರು ಹೆಂಗಸರು ಕೂತಿದ್ದರು. ಎದುರಿಗೆ ಹುಣಸೆಹಣ್ಣಿನ ರಾಶಿ. ಕುಟ್ಟಿ, ಬೀಜ ತೆಗೆದು, ಬುಟ್ಟಿಗೆ ಹಾಕುವ ಕೆಲಸ, ಕಿಲೋ ಲೆಕ್ಕದಲ್ಲಿ ಕೂಲಿ. ನನ್ನನ್ನು ನೋಡಿ ಮೂವರೂ ಕೈ ನಿಲ್ಲಿಸಿದರು.

“ಯಾವೂರವ್ವ ನಿಮ್ದು?”

“ತುಮಕೂರು.”

“ಒಬ್ಳೇ ಬಂದ್ಯಾ? ಈ ಬಿಸ್ಲಲ್ಲಿ?”

ಒಬ್ಬರು ಕೊಡದಿಂದ ನೀರು ಬಗ್ಗಿಸಿ ಕೊಟ್ಟರು. ಇನ್ನೊಬ್ಬರು ಸೊಂಟದಲ್ಲಿದ್ದ ಫೋನ್ ತೆಗೆದು ಮಗನಿಗೆ ಹಚ್ಚಿ, ಗಾಡಿ ಪಂಕ್ಚರ್ ಆಗೈತೆ, ಹಾಕೋನ್ನ ಕರ್ಕೊಂಡು ಬಾ ಅಂದರು. ಬರೋಕೆ ಒಂದು ಗಂಟೆ ಆಗುತ್ತೆ ಅಂದ ಮೇಲೆ ನಾನೂ ನೆಲಕ್ಕೆ ಕೂತು ಹುಣಸೆಬೀಜ ಬಿಡಿಸೋಕೆ ಕೈ ಹಾಕಿದೆ. ಐದು ನಿಮಿಷಕ್ಕೆ ಬೆರಳೆಲ್ಲ ಅಂಟು. ಪ್ರಶ್ನೆಗಳು ಬರ್ತಾನೇ ಇದ್ದವು. ಮದುವೆ ಆಗೈತಾ? ಅಪ್ಪ ಏನ್ ಮಾಡ್ತಾರೆ? ನೀನೇನ್ ಕೆಲ್ಸ ಮಾಡ್ತೀಯ?

“ಕೆಲಸ ಹೋಯ್ತು” ಅಂದೆ.

ಮೂರು ತಿಂಗಳಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೆಸರೂ ಗೊತ್ತಿಲ್ಲದ ಮೂವರ ಮುಂದೆ, ಕೈಯಲ್ಲಿ ಹುಣಸೆಹಣ್ಣು ಹಿಡಿದುಕೊಂಡು. ನೀರು ಕೊಟ್ಟ ಅಕ್ಕ ನನ್ನ ಮುಖವನ್ನೇ ನೋಡಿದರು.

“ಅಷ್ಟೇನಾ? ಮೊಕ ನೋಡಿ ನಾನೆಲ್ಲೋ ಮನೆ ಬುಟ್ಟು ಬಂದವ್ಳೆ ಅಂದ್ಕಂಡಿದ್ದೆ!”

ಮೂವರೂ ನಕ್ಕರು. ನನಗೂ ನಗು ಬಂತು. ಆಮೇಲೆ ಅವರು ನನ್ನ ವಿಷಯ ಬಿಟ್ಟು, ಹುಣಸೆ ಮಂಡಿಯವನು ತೂಕದಲ್ಲಿ ಹೇಗೆ ಕತ್ತರಿ ಹಾಕ್ತಾನೆ ಅನ್ನೋದನ್ನು ಶುರು ಮಾಡಿದರು. ನನ್ನ ದೊಡ್ಡ ಗುಟ್ಟಿಗೆ ಅಲ್ಲಿ ಸಿಕ್ಕ ಬೆಲೆ ಅರ್ಧ ನಿಮಿಷ. ಪಂಕ್ಚರ್ ಹಾಕುವವನು ಬಂದು, ಹಾಕಿ, ನೂರೈವತ್ತು ರೂಪಾಯಿ ತಗೊಂಡ. ಹೊರಡುವಾಗ ಆ ಅಕ್ಕ, ಕತ್ತಲಾಗೋ ಮುಂಚೆ ನಿಮ್ಮ ದೊಡ್ಡಮ್ಮನ ಮನೆ ಸೇರ್ಕೊ, ಸೇರಿದ ಮೇಲೆ ಒಂದು ಫೋನ್ ಮಾಡು ಅಂತ ಮಗನ ನಂಬರ್ ಕೊಟ್ಟರು.

ಮಾರ್ಕೋನಹಳ್ಳಿ ಅಣೆಕಟ್ಟು ಸೇರಿದಾಗ ನಾಲ್ಕೂವರೆ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ್ದು, ಮೈಸೂರು ಮಹಾರಾಜರ ಕಾಲದ್ದು. ಇದರ ಸೈಫನ್‌ಗಳನ್ನು ನೋಡೋಕೆ ಎಂಜಿನಿಯರಿಂಗ್ ಹುಡುಗರು ಬರ್ತಾರೆ. ಗೇಟ್ ಎತ್ತುವವರು ಬೇಡ, ಕರೆಂಟ್ ಬೇಡ. ನೀರು ಒಂದು ಮಟ್ಟ ಮುಟ್ಟಿದರೆ ಸೈಫನ್ ತಾನೇ ಎಳೆದು ಹೊರಗೆ ಸುರಿಯುತ್ತೆ, ಮಟ್ಟ ಇಳಿದರೆ ಗಾಳಿ ಸೇರಿಕೊಂಡು ತಾನೇ ನಿಲ್ಲುತ್ತೆ. ಡ್ರಮ್ಮಿನಿಂದ ಪೈಪ್ ಹಾಕಿ ಬಾಯಲ್ಲಿ ಎಳೆದು ಸೀಮೆಎಣ್ಣೆ ತೆಗೀತಿದ್ದರಲ್ಲ, ಅದೇ ತತ್ವ, ಸೈಜ್ ಬೇರೆ. ನಾನು ಹೋದಾಗ ಸೈಫನ್ ಬಾಯಿಗೂ ನೀರಿಗೂ ಬಹಳ ದೂರ ಇತ್ತು. ಆದರೂ ಒಡ್ಡಿನ ಮೇಲೆ ಗಾಳಿ ಚೆನ್ನಾಗಿತ್ತು. ಮೂರು ದಿನದಲ್ಲಿ ಏನೂ ಯೋಚನೆ ಮಾಡದೆ ಕೂತ ಒಂದು ಗಂಟೆ ಅದು. ಇಡೀ ಪ್ರವಾಸದಲ್ಲಿ ಒಂದೇ ಜಾಗಕ್ಕೆ ಮತ್ತೆ ಹೋಗು ಅಂದರೆ ಮಳೆಗಾಲ ಮುಗಿಯುವಾಗ ಇಲ್ಲಿಗೇ ಬರ್ತೀನಿ.

ರಾತ್ರಿ ಯಡಿಯೂರಿನಲ್ಲಿ ಉಳಿಯೋಣ, ಬೆಳಗ್ಗೆ ಸಿದ್ಧಲಿಂಗೇಶ್ವರನ ದರ್ಶನ ಮಾಡಿ ಕುಣಿಗಲ್ಲಿಗೆ ಹೋಗೋಣ ಅಂತ ಪ್ಲಾನ್. ಲಾಡ್ಜಿನ ಕೌಂಟರಿನಲ್ಲಿದ್ದವರು ಆಧಾರ್ ಕಾರ್ಡ್ ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಜೊತೆಗೆ ಯಾರಿದ್ದಾರೆ?”

“ಯಾರೂ ಇಲ್ಲ.”

“ಸಿಂಗಲ್ ಲೇಡೀಸ್‌ಗೆ ರೂಮ್ ಕೊಡಲ್ಲ ಮೇಡಂ. ಫ್ಯಾಮಿಲಿ ಆದ್ರೆ ಕೊಡ್ತೀವಿ.”

ಯಾಕೆ ಅಂದರೆ ರೂಲ್ಸ್ ಅಂದರು. ಯಾರ ರೂಲ್ಸ್ ಅಂದರೆ ಓನರ್ ಅಂದರು. ಎರಡನೇ ಲಾಡ್ಜಿನಲ್ಲೂ ಅದೇ ಕಥೆ, ಅಲ್ಲಿ ಜೊತೆಗೆ ಬುದ್ಧಿಮಾತು ಬೇರೆ. ಸಾಲು ಸಾಲಾಗಿ ಹೆಂಗಸರು ಬಂದು ಹರಕೆ ತೀರಿಸುವ ಊರು, ಹೊರಗೆ ‘ರೂಮ್ ಖಾಲಿ ಇವೆ’ ಅನ್ನೋ ಬೋರ್ಡ್. ಸ್ಕಾಟ್ಲೆಂಡಿನಲ್ಲಿ ರೂಮಿಗೆ ಒಬ್ಬಳೇ ಅಂದರೆ ದುಡ್ಡು ಜಾಸ್ತಿ ಕೇಳ್ತಿದ್ದರು, ಆಗ ಬೈದುಕೊಂಡಿದ್ದೆ. ಜಾಸ್ತಿ ಕೇಳಿದರೂ ಕೀ ಕೊಡ್ತಿದ್ದರಲ್ಲ.

ಗಂಟೆ ಏಳಾಗಿತ್ತು. ಕುಣಿಗಲ್ಲಿಗೆ ಇಪ್ಪತ್ತು ಕಿಲೋಮೀಟರ್ ಹೈವೇ, ಬೆಂಗಳೂರು-ಮಂಗಳೂರು ಬಸ್ಸುಗಳು ಹಾರ್ನ್ ಹಾಕ್ಕೊಂಡು ನುಗ್ಗುವ ಹೊತ್ತು. ದೊಡ್ಡಮ್ಮನಿಗೆ ಫೋನ್ ಮಾಡಿದೆ. “ಅಲ್ಲೇ ಇರು, ಯಾರನ್ನಾದ್ರೂ ಕಳಿಸ್ತೀನಿ” ಅಂದರು. ಬೇಡ ಅಂದೆ. ಎಡ ಅಂಚು ಬಿಡದೆ, ಒಂದು ಹಾಲಿನ ವ್ಯಾನಿನ ಹಿಂದೆ ಹಿಂದೆ ನಲವತ್ತರ ಸ್ಪೀಡಿನಲ್ಲಿ ಹೋದೆ. ಕಣ್ಣಲ್ಲಿ ಹುಳ, ಕೈಯಲ್ಲಿ ನಡುಕ, ಹೊಟ್ಟೆಯಲ್ಲಿ ಸಿಟ್ಟು. ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ತಿರ ಬಂದರೆ ದೊಡ್ಡಮ್ಮ ಸೀರೆ ಮೇಲೆ ದೊಡ್ಡಪ್ಪನ ಸ್ವೆಟರ್ ಹಾಕಿಕೊಂಡು ರಸ್ತೆಯಲ್ಲೇ ನಿಂತಿದ್ದರು. ಮೇ ತಿಂಗಳಲ್ಲಿ ಸ್ವೆಟರ್ ಯಾಕೆ ಅಂತ ಈಗಲೂ ಗೊತ್ತಾಗಿಲ್ಲ, ಗಾಬರಿಯಲ್ಲಿ ಕೈಗೆ ಸಿಕ್ಕಿದ್ದು ಹಾಕ್ಕೊಂಡು ಬಂದಿರಬೇಕು. ಮನೆ ಸೇರಿ, ಮುಖ ತೊಳೆದು, ಮೊದಲು ಆ ಹುಣಸೆಮರದ ಅಕ್ಕನ ಮಗನಿಗೆ ಫೋನ್ ಮಾಡಿದೆ. “ಅಮ್ಮ ಆಗ್ಲೇ ಎರಡು ಸಲ ಕೇಳಿದ್ರು” ಅಂದ.

ಆ ರಾತ್ರಿ ದೊಡ್ಡಮ್ಮನಿಗೂ ಹೇಳಿದೆ. ಮರದ ಕೆಳಗೆ ಒಂದು ಸಲ ಹೇಳಿ ಅಭ್ಯಾಸ ಆಗಿತ್ತಲ್ಲ, ಸಲೀಸಾಗಿ ಬಂತು. ದೊಡ್ಡಮ್ಮ ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. “ನಿಮ್ಮಪ್ಪನಿಗೆ ಯಾರೋ ಹೇಳೋ ಮುಂಚೆ ನೀನೇ ಹೇಳು. ಮೇಷ್ಟ್ರು, ಬೇರೆಯವರ ಬಾಯಿಂದ ಕೇಳಿದ್ರೆ ತಡ್ಕೊಳಲ್ಲ” ಅಂದು ಇನ್ನೊಂದು ಸೌಟು ಹುಳಿ ಹಾಕಿದರು.

ಬೆಳಗ್ಗೆ ಅವರ ಜೊತೆಗೇ ಕುಣಿಗಲ್ ದೊಡ್ಡಕೆರೆ ಏರಿ ಮೇಲೆ ನಡೆದೆ. ಈ ಕೆರೆಯ ಮೇಲಿನ ಜನಪದ ಹಾಡು ಗೊತ್ತಿಲ್ಲದ ಕನ್ನಡದವರು ಕಡಿಮೆ. ಹಾಡು ಕೇಳಿ ಬಂದವರು ಮೇ ತಿಂಗಳಲ್ಲಿ ಬರಬೇಡಿ, ಬೇಜಾರಾಗುತ್ತೆ. ಮಾವ ಎತ್ತಬೇಡ ಅಂದಿದ್ದ ವಿಷಯವನ್ನು ದೊಡ್ಡಮ್ಮ ತಾವೇ ಎತ್ತಿದರು. “ನಾಲೆ ಕೊನೇಲಿ ಇರೋರು ನಾವು. ಮೇಲಿನೋರು ಕುಡ್ದು ಬಿಟ್ರೆ ಉಂಟು, ಇಲ್ದಿದ್ರೆ ಇಲ್ಲ. ನಮ್ಮ ಪಾಲು ಕೇಳಿದ್ರೆ ನಿಮ್ಮ ಮಾವ ನನ್ನ ಮೇಲೇ ಮುನಿಸ್ಕೊಂಡು ಹಬ್ಬಕ್ಕೂ ಕರೀಲಿಲ್ಲ.” ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕ ತಮ್ಮ. ಇಬ್ಬರ ತೋಟದ ಕಷ್ಟವನ್ನೂ ಎರಡೇ ದಿನದಲ್ಲಿ ನೋಡಿದವಳಿಗೆ ಯಾರ ಕಡೆ ಮಾತಾಡಬೇಕು ಅಂತ ತಿಳಿಯಲಿಲ್ಲ. ಅಲ್ಲಿ ಒಣಗಿದ ಮರಗಳ ವಿಷಯ ಮಾತ್ರ ಹೇಳಿದೆ. ದೊಡ್ಡಮ್ಮ ನಡಿಗೆ ನಿಲ್ಲಿಸಿದರು. “ಹಿಂದಿನ ಸಾಲಾ? ಅದು ನಮ್ಮಪ್ಪ ನೆಟ್ಟಿದ್ದು” ಅಂದರು. ಏರಿ ಇಳಿಯುವವರೆಗೂ ಮತ್ತೆ ಮಾತಾಡಲಿಲ್ಲ.

ಕುದುರೆ ಫಾರಂ ಅನ್ನು ಹೊರಗಿನಿಂದಲೇ ನೋಡಿದೆ. ಹೈದರ್, ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ, ಆಮೇಲೆ ರೇಸ್ ಕುದುರೆಗಳಿಗೆ ಹೆಸರಾಯಿತು. ನೂರಾರು ಎಕರೆ, ದೊಡ್ಡ ದೊಡ್ಡ ಮರ. ಈ ಜಾಗದಲ್ಲಿ ಟೌನ್‌ಶಿಪ್ ಮಾಡುವ ಮಾತು ಎದ್ದಾಗ ಊರವರು ವಿರೋಧ ಮಾಡಿದ್ದರು. ಬೇಲಿಯಾಚೆ ಹಸಿರು ಕಂಡೇ ಅವರ ಕಷ್ಟ ಅರ್ಥ ಆಯಿತು.

ವಾಪಸ್ ದಾರಿ ಹೆಬ್ಬೂರು, ನಾಗವಲ್ಲಿ ಮೇಲೆ. ನಾಗವಲ್ಲಿ ಸುತ್ತ ಕಾಡುಪಾಪ ಇವೆ. ದೊಡ್ಡ ದುಂಡು ಕಣ್ಣಿನ, ಅಂಗೈಯಲ್ಲಿ ಹಿಡಿಸುವಷ್ಟು ಪ್ರಾಣಿ. ರಾತ್ರಿ ಮಾತ್ರ ಹೊರಗೆ ಬರುತ್ತೆ, ನನಗೆ ಕಾಣುವ ಪ್ರಶ್ನೆಯೇ ಇಲ್ಲ. ಗೂಳೂರಿನ ಹತ್ತಿರ ಒಳಗೆ ತಿರುಗಿ ಕೈದಾಳದ ಚೆನ್ನಕೇಶವ. ಬೇಲೂರಿನಲ್ಲಿ ಮಗ ಡಂಕಣ ತೋರಿಸಿದ ಕಪ್ಪೆಯಿಂದಾಗಿ ಕೈ ಕತ್ತರಿಸಿಕೊಂಡ ಜಕಣಾಚಾರಿ ತನ್ನ ಊರಿಗೆ ಬಂದು ಈ ಗುಡಿ ಕಟ್ಟಿದ, ಕೈ ಮತ್ತೆ ಬಂತು, ಅದಕ್ಕೇ ಕೈದಾಳ. ಇದು ಕಥೆ, ಇತಿಹಾಸ ಅಲ್ಲ. ಆದರೆ ಗುಡಿಯ ಕೇಶವ ಮಾತ್ರ ನಿಜಕ್ಕೂ ಚೆಲುವ. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು, “ಒಬ್ರೇ ಬಂದ್ರಾಮ್ಮ?” ಅಂದರು. “ಹೌದು, ಮೂರು ದಿನದಿಂದ” ಅಂದೆ.

ಮನೆ ಸೇರಿದಾಗ ಮೀಟರಿನಲ್ಲಿ ಇನ್ನೂರ ಮೂವತ್ತು ಚಿಲ್ಲರೆ ಕಿಲೋಮೀಟರ್ ಏರಿತ್ತು. ಪೆಟ್ರೋಲ್ ಐದು ಲೀಟರ್ ಆಸುಪಾಸು. ಬಿಸಿಲಿಗೆ ಕೈ ಎರಡು ಬಣ್ಣ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. ಯಾವ ತಿಂಗಳಲ್ಲಿ ಅಂತ ಕೇಳಿದರು. ಫೆಬ್ರವರಿ ಅಂದೆ. ಬೆರಳಲ್ಲಿ ಲೆಕ್ಕ ಹಾಕಿದರು. “ಬಾಡಿಗೆ ಹೇಗೆ ಕಟ್ಟಿದೆ?” ಅಂದರು. ಹೇಳಿದೆ. “ಹೂಂ” ಅಂದು ಊಟ ಮುಂದುವರಿಸಿದರು. ಮಾರನೇ ಬೆಳಗ್ಗೆ ವಾಕಿಂಗ್‌ಗೆ ಹೋಗಲಿಲ್ಲ, ಅದರ ಮಾರನೇ ದಿನ ಹೋದರು.

ಅಮ್ಮ ಕೇಳಿದ್ದು ಬೇರೆ. “ಅಣ್ಣನ ತೋಟದಲ್ಲಿ ಎಷ್ಟು ಮರ ಹೋಗಿವೆ?”

ಮಾವನ ಮಗ ವಾಟ್ಸಾಪಿನಲ್ಲಿ ರೆಸ್ಯೂಮ್ ಕಳಿಸಿದ್ದ. ಯಾವುದೋ ಸೈಬರ್ ಸೆಂಟರಿನಲ್ಲಿ ಮಾಡಿಸಿದ್ದು, ಐಟಿಐ ಮುಗಿಸಿದ ವರ್ಷವೇ ತಪ್ಪಾಗಿತ್ತು, ಕಲಿತ ಮೆಷಿನ್‌ಗಳ ಹೆಸರು ಒಂದೂ ಇರಲಿಲ್ಲ. ಅವನಿಗೆ ಫೋನ್ ಮಾಡಿ ನನ್ನ ವಿಷಯ ಮೊದಲು ಹೇಳಿದೆ. ಆಮೇಲೆ ಒಂದೊಂದೇ ಕೇಳಿ ಬರೆದುಕೊಂಡೆ. ಹನ್ನೊಂದು ಗಂಟೆಗೆ ಅವನದು ತಿದ್ದಿ ಕಳಿಸಿ, ಫೆಬ್ರವರಿಯಿಂದ ತೆರೆಯದೆ ಇಟ್ಟಿದ್ದ ನನ್ನದನ್ನೂ ತೆರೆದೆ.